ಅಮ್ಮ ಕ್ಲಚ್ಚು ಆರಿಸಿದ ವಾರ

ನಮ್ಮ ಮನೆಯ ಕಾರಿನ ಕೀ ಅಮ್ಮನ ಸೊಂಟದಲ್ಲಿರುತ್ತಿತ್ತು, ಉಗ್ರಾಣದ ಬೀಗದಕೈ ಜೊತೆ ಒಂದೇ ದಾರದಲ್ಲಿ. ಬೇರೆಯವರ ಮನೆಗಳಲ್ಲಿ ಹಾಗಿಲ್ಲ ಅನ್ನುವುದು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. ದಂಡಿನಶಿವರದಿಂದ ಆಚೆ, ಯಾವ ಕಡೆ ಕತ್ತೆತ್ತಿದರೂ ತೆಂಗಿನ ಗರಿಯೇ ಕಾಣುವ ಸಣ್ಣ ಊರು ನಮ್ಮದು. ಮನೆಯ ಅಟ್ಟದ ತುಂಬ ಕಾಯಿ. ಕೊಬ್ಬರಿಯಾಗಲಿ ಅಂತ ಅವು ಅಲ್ಲಿ ವರ್ಷಗಟ್ಟಲೆ ಮಲಗಿರುತ್ತಿದ್ದವು. ಒಳಗಿನ ನೀರು ಇಂಗಿ, ಒಣಗಿದ ತಿರುಳಿನ ಗಿಟುಕು ಕರಟದಿಂದ ಬಿಟ್ಟುಕೊಂಡ ಮೇಲೆ ಇಲಿ ಓಡಿದರೂ ಸಾಕು, ಅಟ್ಟವೆಲ್ಲ ಗಡಗಡ ಅನ್ನುತ್ತಿತ್ತು. ಆ ಸದ್ದಿನ ಕೆಳಗೇ ನಾವು ಉಣ್ಣುತ್ತಿದ್ದೆವು, ಓದುತ್ತಿದ್ದೆವು, ಜಗಳವಾಡುತ್ತಿದ್ದೆವು. ತಾತ ತೀರಿಕೊಂಡ ಮೇಲೆ ಮನೆಯ ನಡುವೆ ಒಂದು ಗೋಡೆ ಎದ್ದು ಒಲೆ ಎರಡಾಗಿದ್ದವು. ಮೂಡಲ ಕಡೆಯದು ದೊಡ್ಡಪ್ಪನದು, ಪಡುವಲ ಕಡೆಯದು ನಮ್ಮದು. ಅಜ್ಜಿ ಮಾತ್ರ ಯಾವ ಒಲೆಗೂ ಸೇರಲಿಲ್ಲ. ಯಾವ ಕಡೆಯ ಸಾರು ಘಮ್ಮೆಂದರೆ ಆ ಕಡೆಗೆ ತಟ್ಟೆ ಹಿಡಿದು ಬಂದು ಕೂರುತ್ತಿದ್ದಳು. ತೋಟ ಭಾಗವಾಯಿತು, ದನ ಭಾಗವಾದವು, ಹಿತ್ತಾಳೆ ಹಂಡೆಗಳೂ ಭಾಗವಾದವು. ತಾತ ತಿಪಟೂರಿನ ಡಾಕ್ಟರೊಬ್ಬರಿಂದ ಕೊಂಡು ತಂದಿದ್ದ ಹಳೆಯ ಬಿಳಿ ಅಂಬಾಸಿಡರ್ ಕಾರನ್ನು ಮಾತ್ರ ಯಾರಿಗೂ ಎರಡು ಹೋಳು ಮಾಡಲು ಬರಲಿಲ್ಲ. ಅದು ಕೊಟ್ಟಿಗೆಯ ಪಕ್ಕದ ಗರಿ ಚಪ್ಪರದ ಕೆಳಗೆ, ಇಬ್ಬರಿಗೂ ಸೇರಿದ್ದಾಗಿ, ಸುಮ್ಮನೆ ನಿಂತಿತ್ತು.

ದೊಡ್ಡಪ್ಪನಿಗೆ ಮೋಟಾರ್ ಬೈಕೇ ಸಾಕಾಗಿತ್ತು. ಅಪ್ಪ ಒಂದು ದಿನ ಧೈರ್ಯ ಮಾಡಿ ಕಾರು ಹತ್ತಿದನಂತೆ. ಅಂಗಳ ದಾಟುವಷ್ಟರಲ್ಲಿ ಹುಲ್ಲಿನ ಬಣವೆಗೆ ಮೂತಿ ತೂರಿಸಿ ನಿಲ್ಲಿಸಿದ. ಜನ ಸೇರಿ ನಗುತ್ತಿರುವಾಗ ಅಮ್ಮ ಒಳಗಿನಿಂದ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಬಂದು, ಅಪ್ಪನನ್ನು ಆಚೆ ಸೀಟಿಗೆ ಸರಿಸಿ, ಒಂದೇ ಸಲಕ್ಕೆ ಕಾರನ್ನು ಹಿಂದಕ್ಕೆ ತೆಗೆದು ಚಪ್ಪರದ ಕೆಳಗೆ ನೆಟ್ಟಗೆ ನಿಲ್ಲಿಸಿದಳಂತೆ. ಅವಳ ತವರು ಹುಳಿಯಾರಿನ ಕಡೆಯ ಬಯಲು ಸೀಮೆ. ಅಲ್ಲಿ ಅವಳ ಅಪ್ಪನಿಗೆ ಕಡಲೆಕಾಯಿ ಮೂಟೆ ಸಾಗಿಸುವ ಒಂದು ಜೀಪಿತ್ತು. ಅಣ್ಣನ ಜೊತೆ ಹೊಲದಲ್ಲಿ ಅದನ್ನು ಓಡಿಸಿ ಕಲಿತಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮಾತನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಬಣವೆಯ ಪ್ರಸಂಗ ಆದ ಮೇಲೆ ಅಪ್ಪನೇ ಅವಳನ್ನು ಕರೆದುಕೊಂಡು ಹೋಗಿ ಲೈಸೆನ್ಸು ಮಾಡಿಸಿಕೊಂಡು ಬಂದ. ನನ್ನ ಅಪ್ಪನ ದೊಡ್ಡತನ ಇದು ಅಂತ ನಾನು ಈಗಲೂ ಹೇಳುತ್ತೇನೆ. ತನಗೆ ಬಾರದ್ದು ಹೆಂಡತಿಗೆ ಬರುತ್ತದೆ ಅನ್ನುವುದನ್ನು ಅವನು ಊರಿನ ಮುಂದೆ ನಗುತ್ತಾ ಹೇಳಿಕೊಳ್ಳುತ್ತಿದ್ದ.

ನಾನು ಏಳನೇ ಕ್ಲಾಸು ಮುಗಿಸಿದಾಗ ಕಾರಿಗೆ ನಿಜವಾದ ಕೆಲಸ ಬಂತು. ಹೈಸ್ಕೂಲು ಇದ್ದದ್ದು ದೂರದಲ್ಲಿ. ಬಸ್ಸು ಬರುವ ಹೊತ್ತಿಗೆ ಅಲ್ಲಿ ಎರಡನೆಯ ಪೀರಿಯಡ್ಡು ಶುರುವಾಗಿರುತ್ತಿತ್ತು. ಗಂಡುಹುಡುಗರು ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ಹುಡುಗಿಯರು ಏಳಕ್ಕೇ ನಿಂತು ಬಿಡುತ್ತಿದ್ದರು. ಅಮ್ಮ ಮೊದಲು ನನ್ನೊಬ್ಬಳನ್ನು ಬಿಟ್ಟು ಬರಲು ಹೊರಟಳು. ಎರಡನೆಯ ದಿನ ಪಕ್ಕದ ಮನೆಯ ರತ್ನ ಬಂದಳು. ವಾರ ಕಳೆಯುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂರುವ ಹಾಗಾಯಿತು. ಕೊನೆಗೆ ಸೇರಿಕೊಂಡವಳು ಕೆರೆಯಂಚಿನ ಹಟ್ಟಿಯ ಜಯಮ್ಮ. ಅವರದು ಕುರಿ ಕಾಯುವ ಮನೆ. ಅವಳ ಬ್ಯಾಗಿನಲ್ಲಿ ಪುಸ್ತಕದ ಜೊತೆ ಯಾವಾಗಲೂ ಒಂದು ಹಿಡಿ ಹುರಿದ ಹುರುಳಿ ಇರುತ್ತಿತ್ತು, ದಾರಿಯುದ್ದಕ್ಕೂ ನಮಗೆಲ್ಲ ಹಂಚುತ್ತಿದ್ದಳು. ಹೀಗೆ ಮೂರು ವರ್ಷ ನಡೆಯಿತು. ಯಾರೂ ಬಾಡಿಗೆ ಕೊಡಲಿಲ್ಲ. ಒಬ್ಬರ ಮನೆಯಿಂದ ಹುರುಳಿ ಬರುತ್ತಿತ್ತು, ಒಬ್ಬರಿಂದ ಹುಣಸೆಹಣ್ಣು, ಹಟ್ಟಿಯಿಂದ ಬೆಣ್ಣೆ. ಡೀಸೆಲ್ಲಿಗೆ ಅಪ್ಪ ಹೇಗೋ ಹೊಂದಿಸುತ್ತಿದ್ದ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಒಂದು ವಾರ ಇರುವಾಗ ಕಾರು ಕೈಕೊಟ್ಟಿತು. ಸ್ಕೂಲಿನಲ್ಲಿ ಹಾಲ್ ಟಿಕೆಟ್ ಇಸಿದುಕೊಂಡು ವಾಪಸ್ಸು ಬರುತ್ತಿದ್ದೆವು. ಕೆರೆ ಏರಿಯ ದಿಬ್ಬದ ಅರ್ಧಕ್ಕೆ ಬರುತ್ತಲೂ ಇಂಜಿನ್ನು ಹುಚ್ಚು ಹಿಡಿದ ಹಾಗೆ ಕೂಗಿತು. ಕಾರು ಮಾತ್ರ ಮುಂದೆ ಹೋಗುವುದು ಬಿಟ್ಟು ನಿಂತೇ ಬಿಟ್ಟಿತು. ಅಮ್ಮ ಗೇರು ಬದಲಾಯಿಸಿದಳು. ಇನ್ನೂ ಜೋರಾಗಿ ಕೂಗಿತು. ಕಾರಿನೊಳಗೆಲ್ಲ ಸುಟ್ಟ ವಾಸನೆ. ನಾವೆಲ್ಲ ಇಳಿದು, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಳ್ಳಿದೆವು. ದಿಬ್ಬ ಹತ್ತಿದ ಮೇಲೆ ಇಳಿಜಾರಿನಲ್ಲಿ ಅದೇ ಉರುಳಿಕೊಂಡು ಊರು ಮುಟ್ಟಿತು, ಊರೊಳಗೆ ಮತ್ತೆ ತಳ್ಳಿದೆವು. ಹುಡುಗಿಯರೆಲ್ಲ ಕಾರು ತಳ್ಳಿಕೊಂಡು ಬಂದದ್ದನ್ನು ಅರಳಿಕಟ್ಟೆಯಲ್ಲಿ ಕೂತಿದ್ದವರು ನೋಡಿದರು. ನಾವು ಮನೆ ತಲುಪುವ ಮೊದಲೇ ಸುದ್ದಿ ದೊಡ್ಡಪ್ಪನ ಜಗುಲಿ ತಲುಪಿತ್ತು.

ಅಪ್ಪ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ದೊಡ್ಡಪ್ಪ ಅವನೆದುರು ಬಂದು ನಿಂತ.

"ಹೇಳ್ಲಿಲ್ವೇನ್ಲಾ ನಾನು? ಹೆಂಗಸ್ರು ಕ್ಲಚ್ ಮೇಲೆ ಕಾಲಿಟ್ಕೊಂಡೇ ಗಾಡಿ ಓಡಿಸ್ತಾರೆ, ಸುಟ್ಟೋಯ್ತದೆ ಅಂತ. ಸುಟ್ಟೋಯ್ತು ನೋಡು."

ಅಪ್ಪ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗುಜರಿಯೋನು ಯುಗಾದಿ ಹೊತ್ಗೆ ಬತ್ತೀನಿ ಅಂದವ್ನೆ. ಕೊಟ್ಬುಡಾಣ. ಬಂದಿದ್ರಲ್ಲಿ ನಿಂಗರ್ಧ, ನಂಗರ್ಧ."

ಅಮ್ಮ ಬಾಗಿಲಲ್ಲಿ ನಿಂತೇ ಹೇಳಿದಳು.

"ಭಾವ, ಬಿಚ್ಚಿ ನೋಡ್ದೆ ಹೆಂಗ್ ಹೇಳ್ತೀರಿ? ನಾನು ಕ್ಲಚ್ ಮೇಲೆ ಕಾಲಿಡಲ್ಲ."

"ಹಂಗಂತ ನೀನು ಹೇಳ್ತೀಯಮ್ಮ. ಗಾಡಿ ಬೇರೆ ಹೇಳ್ತಾ ಐತಲ್ಲ. ರಿಪೇರಿ ಮಾಡಿಸ್ಕೊಂತೀನಿ ಅಂದ್ರೆ ಮಾಡಿಸ್ಕೋ. ಗಾಡಿ ಇಬ್ರುದೂ ಅಂತ ಒಂದ್ರೂಪಾಯೂ ನಾನು ಬಿಚ್ಚಲ್ಲ. ಇನ್ನೊಂದ್ಸಲ ನಿಂತ್ರೆ ಸೀದಾ ಗುಜರಿಗೆ."

"ಆಯ್ತು ಭಾವ. ಕರಟದ ಕಾಸೈತೆ ನನ್ತಾವ."

ನಮ್ಮ ಸೀಮೆಯಲ್ಲಿ ಕಾಯಿ ಒಡೆದು ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟ, ಗರಿಯಿಂದ ಸೀಳಿದ ಕಡ್ಡಿಪೊರಕೆ, ಇವೆರಡೂ ಮನೆಯ ಹೆಂಗಸರ ಪಾಲು. ಕೊಬ್ಬರಿಯ ಹಣ ಗಂಡಸರ ಕೈಗೆ ಹೋಗುತ್ತದೆ, ಕರಟದ ಹಣ ಸಾಸಿವೆ ಡಬ್ಬಿಗೆ. ಆ ಡಬ್ಬಿಯಲ್ಲಿ ಎಷ್ಟಿತ್ತು ಅಂತ ನನಗೆ ಗೊತ್ತಿಲ್ಲ. ಹೆಚ್ಚಿರಲಿಲ್ಲ ಅನ್ನುವುದು ಗೊತ್ತು. ಮರುದಿನ ಬೆಳಿಗ್ಗೆ ಜಯಮ್ಮನ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಟ್ಟಿಯಿಂದ ನಡೆದು ಬಂದ. ಕಡಿಮೆ ಮಾತಿನ, ಎತ್ತರದ ಮನುಷ್ಯ. ಜಗುಲಿಯ ಮೇಲೆ ಕೂರದೆ ಕೆಳಗೇ ನಿಂತ.

"ಅಕ್ಕಾರೆ, ಗಾಡಿ ಕೆಟ್ಟೋಯ್ತಂತೆ. ಹುಡುಗೀನ ಅವಳ ಅತ್ತೆ ಹಟ್ಟಿಗೆ ಕಳಿಸ್ಬುಡಾನ ಅಂತಿವ್ನಿ. ಕುರಿ ಹಿಂದೆ ಹೋಗಕ್ಕೆ ಒಂದಾಳು ಆಯ್ತದೆ."

"ಪರೀಕ್ಷೆ ಸೋಮವಾರ ಐತೆ ಕಣಪ್ಪ," ಅಂದಳು ಅಮ್ಮ. "ಸೋಮವಾರ ಬೆಳಿಗ್ಗೆ ನಿಮ್ ಹಟ್ಟಿ ಮುಂದೆ ಗಾಡಿ ಬರ್ಲಿಲ್ಲ ಅಂದ್ರೆ ಆಗ ಕಳ್ಸು. ಅಲ್ಲೀಗಂಟ ತಡಿ."

ಅವನು ಆಗಲಿ ಅಂತ ತಲೆಯಾಡಿಸಿ ಹೋದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೆಟ್ಟತನವೂ ಇರಲಿಲ್ಲ. ದಾರಿ ಮುಚ್ಚಿಹೋದ ಮೇಲೆ ಮಗಳು ಮನೆಯಲ್ಲಿ ಏನು ಮಾಡಬೇಕು ಅನ್ನುವುದು ಅವನಿಗಿದ್ದ ಲೆಕ್ಕ. ಆ ದಾರಿ ಕ್ಲಚ್ಚು ಒತ್ತುವ ಅಮ್ಮನ ಎಡಗಾಲಿನ ಕೆಳಗಿತ್ತು. ಉಳಿದ ಹುಡುಗಿಯರ ಮನೆಗಳಲ್ಲೂ ಇದೇ ಮಾತು ನಡೆಯುತ್ತಿರುತ್ತದೆ ಅಂತ ನಮಗೆಲ್ಲ ಗೊತ್ತಿತ್ತು.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ತುರುವೇಕೆರೆಗೆ ಎಳೆಸಿಕೊಂಡು ಹೋದೆವು. ಮೆಕ್ಯಾನಿಕ್ಕು ಬಾಷಣ್ಣನ ಶೆಡ್ಡು ಹುಣಸೆಮರದ ಕೆಳಗಿತ್ತು. ಓದಿಕೊಳ್ಳಲು ರಜೆ ಕೊಟ್ಟಿದ್ದರಿಂದ ನಾನೂ ಪುಸ್ತಕ ಹಿಡಿದುಕೊಂಡು ಹೋಗಿದ್ದೆ. ಓದಿದ್ದು ಒಂದು ಪುಟವೂ ಇಲ್ಲ. ಗೇರ್‌ಬಾಕ್ಸು ಇಳಿಸುವುದನ್ನು, ಅದರ ಹಿಂದೆ ಅಡಗಿದ್ದ ತಟ್ಟೆಯಂಥ ಭಾಗಗಳು ಒಂದೊಂದಾಗಿ ಹೊರಗೆ ಬರುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಇಂಜಿನ್ನಿನ ದೊಡ್ಡ ಚಕ್ರಕ್ಕೂ ಪ್ರೆಷರ್ ಪ್ಲೇಟು ಅನ್ನುವ ಕಬ್ಬಿಣದ ಬಿಲ್ಲೆಗೂ ನಡುವೆ ಕ್ಲಚ್ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಅದು ಎರಡೂ ಕಡೆ ಗಟ್ಟಿಯಾಗಿ ಕಚ್ಚಿಕೊಂಡರೆ ಇಂಜಿನ್ನಿನ ಬಲ ಗಾಲಿಗೆ ಬರುತ್ತದೆ, ಜಾರಿದರೆ ಇಲ್ಲ. ಅಷ್ಟು ನನಗೆ ಅವತ್ತು ಅರ್ಥವಾಯಿತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಕಾರಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು, ಅಪ್ಪ ಅವಳ ಹಿಂದೆ ನಿಂತಿದ್ದ.

"ಅಕ್ಕಾ, ಇಲ್ಲಿ ಕೈಯಿಟ್ಟು ನೋಡಿ," ಅಂದ ಬಾಷಣ್ಣ.

ಅಮ್ಮ ಪ್ಲೇಟು ಮುಟ್ಟಿ ಬೆರಳು ಮೂಸಿದಳು. "ಎಣ್ಣೆ!"

"ಅದೇ ಮತ್ತೆ. ಗೇರ್‌ಬಾಕ್ಸಿನ ಸೀಲು ಒಣಗಿ ಬಿರುಕು ಬಿಟ್ಟೈತೆ. ಅಲ್ಲಿಂದ ತೊಟ್ಟು ತೊಟ್ಟಾಗಿ ಇಳಿದು ಪ್ಲೇಟು ಎಣ್ಣೆ ಕುಡ್ದೈತೆ. ಎಣ್ಣೆ ಕುಡಿದ್ರೆ ಜಾರ್ತದೆ, ಜಾರಿ ಜಾರಿ ಸುಡ್ತದೆ."

"ಹಂಗಾರೆ ಕಾಲಿಟ್ಟು ಸುಟ್ಟಿದ್ದಲ್ವಾ?"

"ಕಾಲಿಟ್ಕೊಂಡು ಓಡಿಸೋರ ಗಾಡೀಲಿ ಈ ಬೇರಿಂಗು ಮೊದ್ಲು ಹೋಗ್ತದೆ ಅಕ್ಕಾ. ನೋಡಿ, ಇದಿನ್ನೂ ಎಷ್ಟು ಗಟ್ಟಿಯಾಗೈತೆ! ನಿಮ್ ಕಾಲು ಚೆನ್ನಾಗೈತೆ ಬಿಡಿ."

ಅಮ್ಮನ ಮುಖ ಆಗ ಹೇಗಾಯಿತು ಅಂತ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಗಲಿಲ್ಲ. ಮೂಗಿನ ಹೊಳ್ಳೆ ಅರಳಿಸಿ, ಉಸಿರು ದೀರ್ಘವಾಗಿ ಎಳೆದುಕೊಂಡು, ಅಪ್ಪನ ಕಡೆ ಒಂದು ಸಲ ನೋಡಿದಳು. ಅಪ್ಪ ಗಟ್ಟಿಯಾಗಿ, ಶೆಡ್ಡಿನವರೆಲ್ಲ ತಿರುಗುವ ಹಾಗೆ, "ನನಗೆ ಗೊತ್ತಿತ್ತು ಬುಡು" ಅಂದ.

ಆ ಪ್ಲೇಟನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಊರಿಗೆ ತಂದೆವು. ಸಂಜೆ ದೊಡ್ಡಪ್ಪ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಅಮ್ಮ ಚೀಲ ಬಿಚ್ಚಿ ಅವನ ಲೋಟದ ಪಕ್ಕದಲ್ಲೇ ಪ್ಲೇಟು ಇಟ್ಟಳು.

"ಮುಟ್ಟಿ ನೋಡಿ ಭಾವ. ಮೂಸಿ ನೋಡಿ."

ದೊಡ್ಡಪ್ಪ ಮುಟ್ಟಿದ, ಮೂಸಿದ. ಅಮ್ಮ ಬಾಷಣ್ಣ ಹೇಳಿದ್ದನ್ನು ಹಾಗೆಯೇ ಹೇಳಿದಳು. ದೊಡ್ಡಪ್ಪ, ಮೆಕ್ಯಾನಿಕ್ಕುಗಳು ಗಿರಾಕಿಗೆ ಬೇಕಾದ್ದನ್ನೇ ಹೇಳುತ್ತಾರೆ, ಸೀಲು ಈಗ ಇವಳ ಕೈಯಲ್ಲೇ ಕೆಟ್ಟಿರಬೇಕು ಅಂತ ಏನೋ ಶುರು ಮಾಡಿದ. ಕಂಬಕ್ಕೆ ಒರಗಿ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ ತಲೆ ಎತ್ತಿದಳು.

"ಲೇ, ಸುಮ್ಕಿರ್ಲಾ. ನಿಮ್ಮಪ್ಪ ಇದ್ದಾಗಿಂದ್ಲೂ ಆ ಗಾಡಿ ಕೆಳಗೆ ಎಣ್ಣೆ ತೊಟ್ಟಿಕ್ತಾನೇ ಐತೆ. ದಿನಾ ಬೂದಿ ಹಾಕಿ ಗುಡಿಸ್ತಿದ್ದೋಳು ನಾನು. ನಿಮ್ಮಪ್ಪುಂಗೂ ಹೇಳ್ದೆ, ನಿಂಗೂ ಹೇಳ್ದೆ. ನೀನೇನಂದೆ? ಹಳೇ ಗಾಡಿ ಅಂದ್ಮೇಲೆ ತೊಟ್ಟಿಕ್ತದೆ ಬುಡವ್ವ ಅಂದೆ."

ದೊಡ್ಡಪ್ಪ ಕಾಫಿ ಅಲ್ಲಿಗೇ ಬಿಟ್ಟು ಕೈತೊಳೆಯಲು ಎದ್ದು ಹೋದ. ಅವನನ್ನು ನಾನು ದೂರುತ್ತಿಲ್ಲ. ಒಡೆದ ಮನೆಯಲ್ಲಿ ಹಿರಿಯನಾಗಿರುವುದು ಸುಲಭದ ಕೆಲಸವಲ್ಲ. ತನ್ನ ಮಾತು ಯಾರೂ ಕೇಳುತ್ತಿಲ್ಲ ಅನ್ನುವ ಸಂಕಟ ಅವನಿಗೆ ಇದ್ದೇ ಇತ್ತು. ಆದರೆ ಆ ಸಂಜೆ ನಮ್ಮ ಕಡೆಯ ಒಲೆಯಲ್ಲಿ ಅಮ್ಮ ಬಸ್ಸಾರಿಗೆ ಕಾಯಿ ಜಾಸ್ತಿ ರುಬ್ಬಿ ಹಾಕಿದಳು. ಅಜ್ಜಿ ಕರೆಯುವ ಮೊದಲೇ ತಟ್ಟೆ ಹಿಡಿದು ಬಂದು ಕೂತಳು. ಮುದ್ದೆ ಮುರಿಯುತ್ತಾ ಅಪ್ಪ ಬಾಷಣ್ಣನ ಮಾತನ್ನು ಮತ್ತೆ ಮತ್ತೆ ಹೇಳಿಸಿದ. "ಏನಂದ, ಏನಂದ? ನಿಮ್ ಕಾಲು ಚೆನ್ನಾಗೈತೆ ಅಂದ್ನಾ?" ಅನ್ನುವನು, ನಗುವನು. ಆ ಊಟದ ರುಚಿ ನನಗೆ ಮತ್ತೆ ಯಾವ ಮದುವೆ ಮನೆಯಲ್ಲೂ ಸಿಕ್ಕಿಲ್ಲ.

ತಪ್ಪು ಅಮ್ಮನದಲ್ಲ ಅಂತಾದ ಮಾತ್ರಕ್ಕೆ ಕಾರು ಓಡುವುದಿಲ್ಲವಲ್ಲ. ಪ್ರೆಷರ್ ಪ್ಲೇಟು ಚೆನ್ನಾಗಿದೆ, ಅದನ್ನು ತೊಳೆದು ಹಾಕುತ್ತೇನೆ, ಬೇರಿಂಗೂ ನಡೆಯುತ್ತದೆ, ಸೀಲು ಹೊಸದು ತನ್ನಿ, ಆದರೆ ಪ್ಲೇಟು ಮಾತ್ರ ನೋಡಿ ಆರಿಸಿ ಅಂದಿದ್ದ ಬಾಷಣ್ಣ. ಹಳೆಯ ಪ್ಲೇಟಿಗೇ ಹೊಸ ಲೈನಿಂಗನ್ನು, ಅಂದರೆ ಕಚ್ಚಿಕೊಳ್ಳುವ ಮೇಲ್ಪದರವನ್ನು, ಹೊಡೆಸಿದರೆ ಎಲ್ಲಕ್ಕಿಂತ ಅಗ್ಗ ಅಂತಲೂ ಹೇಳಿದ್ದ. ಶನಿವಾರ ಬೆಳಿಗ್ಗೆ ಅಪ್ಪ, ಅಮ್ಮ, ನಾನು ಮೂವರೂ ಗೋಣಿಚೀಲ ಹಿಡಿದುಕೊಂಡು ತಿಪಟೂರಿಗೆ ಹೋದೆವು. ಮೊದಲು ಹೋದದ್ದು ಲೈನಿಂಗು ಬಡಿಯುವವನ ಹತ್ತಿರ. ಅವನು ಪ್ಲೇಟನ್ನು ಬಿಸಿಲಿಗೆ ಹಿಡಿದು ತಿರುಗಿಸಿ ವಾಪಸ್ಸು ಕೊಟ್ಟ. ಹಳೆಯ ಮೊಳೆಗಳ ತೂತುಗಳ ಸುತ್ತ ತಗಡು ಸೀಳು ಬಿಟ್ಟಿತ್ತು. ನಾನು ಬಡಿದು ಕೊಡಬಹುದು, ಆದರೆ ದಿಬ್ಬದಲ್ಲಿ ಕಿತ್ತು ಬಂದರೆ ನೀವು ನನ್ನನ್ನೇ ಬಯ್ಯುತ್ತೀರಿ ಅಂದ. ಅಗ್ಗದ ದಾರಿ ಅಲ್ಲಿಗೆ ಮುಗಿಯಿತು.

ಅಲ್ಲಿಂದ ಗುಜರಿ ಅಂಗಡಿಗೆ. ಒಂದು ಹಳೆಯ ಟ್ಯಾಕ್ಸಿಯಿಂದ ಬಿಚ್ಚಿದ ಪ್ಲೇಟು ಅಲ್ಲಿತ್ತು. ನೋಡಲು ಅಷ್ಟೇನೂ ಸವೆದಂತಿರಲಿಲ್ಲ. ಬೆಲೆಯೂ ಡಬ್ಬಿಯ ಹಣಕ್ಕೆ ಎಟಕುವಂತಿತ್ತು. ಅಪ್ಪ ಆಗಲೇ ಮಾತಾಡಲು ಮುಂದೆ ಬಂದ. ಅಮ್ಮ ಅವನನ್ನು ತಡೆದು ಗುಜರಿಯವನನ್ನು ಕೇಳಿದಳು.

"ನಿಮಗೆ ಹೆಣ್ಮಕ್ಕಳವ್ರಾ?"

"ಅವ್ಳೆ ಒಬ್ಳು. ಯಾಕಮ್ಮ?"

"ಸೋಮವಾರ ಅವಳ ಪರೀಕ್ಷೆ ಅಂತಿಟ್ಕೊಳ್ಳಿ. ಈ ಪ್ಲೇಟು ಹಾಕಿರೋ ಗಾಡೀಲಿ ಕಳಿಸ್ತೀರಾ?"

ಅವನು ತಲೆ ಕೆರೆದುಕೊಂಡು ನಕ್ಕ. "ನಾನಾದ್ರೆ ಹಿಂದಿನ್ ದಿನಾನೇ ಬಸ್ಸಲ್ಲಿ ಕಳಿಸ್ತೀನಿ ಕಣಮ್ಮ."

ಅಮ್ಮ ಅವನಿಗೆ ಕೈಮುಗಿದು ಹೊರಟಳು. ನಾಲ್ಕು ರಸ್ತೆ ಸೇರುವ ಕಡೆ ಇದ್ದ ಬಿಡಿಭಾಗಗಳ ಅಂಗಡಿಯಲ್ಲಿ ಕೆಂಪು ಡಬ್ಬಿಯಲ್ಲಿದ್ದ ಹೊಚ್ಚಹೊಸ ಸೆಟ್ಟೊಂದನ್ನು ತೋರಿಸಿದರು. ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಎಲ್ಲ ಅದರೊಳಗೆ, ಬೆಲೆಯೂ ಕಡಿಮೆ. ಡಬ್ಬಿಯ ಮೇಲೆ ಹೆಸರಾಂತ ಕಂಪನಿಯ ಹೆಸರಿನಂತೆಯೇ ಕಾಣುವ, ಆದರೆ ಒಂದಕ್ಷರ ಬೇರೆಯಾದ ಹೆಸರು. ನನಗೆ ಅದರ ಹೊಳಪು ಬಹಳ ಇಷ್ಟವಾಯಿತು. ಅಮ್ಮ ಗೋಣಿಚೀಲದಿಂದ ನಮ್ಮ ಹಳೆಯ ಪ್ಲೇಟು ತೆಗೆದು ಹೊಸದರ ಪಕ್ಕ ಇಟ್ಟಳು. ಒಂದೊಂದನ್ನೂ ಅಂಗೈ ಮೇಲೆ ಇಟ್ಟುಕೊಂಡು ತೂಗಿದಳು. ನಡುವಿನ ಸ್ಪ್ರಿಂಗುಗಳನ್ನು ಹೆಬ್ಬೆರಳಿನಿಂದ ಒತ್ತಿದಳು. ಸುಟ್ಟು ಎಣ್ಣೆ ಕುಡಿದಿದ್ದ ನಮ್ಮ ಪ್ಲೇಟಿನ ಸ್ಪ್ರಿಂಗು ಒಂದೂ ಅಲುಗಲಿಲ್ಲ. ಹೊಸದರದು ಗೂಡಿನೊಳಗೆ ಲಟಲಟ ಅಂತು. ಅಮ್ಮ ಹುಡುಗಿಯರ ವಿಷಯ, ದಿಬ್ಬದ ವಿಷಯ ಹೇಳಿ ಮತ್ತೆ ಅದೇ ಪ್ರಶ್ನೆ ಕೇಳಿದಳು. ಅಂಗಡಿಯ ಯಜಮಾನರು ದಪ್ಪ ಕನ್ನಡಕದ ವಯಸ್ಸಾದವರು. ಡಬ್ಬಿ ಮುಚ್ಚಿ ಹಿಂದಕ್ಕೆ ಇಟ್ಟುಕೊಂಡರು.

"ಊರೊಳಗೆ ಓಡಾಡೋಕಾದ್ರೆ ಇದು ಸಾಕಮ್ಮ. ದಿನಾ ಅಷ್ಟು ಜನ ಕೂತು ದಿಬ್ಬ ಹತ್ತೋದಾದ್ರೆ ಇದಲ್ಲ."

ಒಳಗಿನಿಂದ ಇನ್ನೊಂದು ಡಬ್ಬಿ ತರಿಸಿದರು. ಬಣ್ಣವಿಲ್ಲದ ಸಾದಾ ಡಬ್ಬಿ. ಒಳಗಿದ್ದ ಪ್ಲೇಟನ್ನು ಅಮ್ಮ ಕೈಗೆತ್ತಿಕೊಂಡ ತಕ್ಷಣ ಅದೇ ಬೇಕು ಅಂತ ನನಗೂ ಗೊತ್ತಾಯಿತು. ಆದರೆ ಅದು ಪೂರ್ತಿ ಸೆಟ್ಟು. ಬೆಲೆ ಕೇಳಿ ಅಮ್ಮ ಅದನ್ನು ಮೆಲ್ಲಗೆ ಕೆಳಗಿಟ್ಟಳು. ಪ್ಲೇಟು ಒಂದೇ ಕೊಡಿ ಅಂದರೆ, ಸೆಟ್ಟು ಒಡೆದರೆ ಉಳಿದದ್ದನ್ನು ಯಾರು ಕೊಳ್ಳುತ್ತಾರೆ ಅಂದರು ಯಜಮಾನರು. ಅದೂ ನ್ಯಾಯವೇ. ಅಮ್ಮ ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತಳು. ಅವಳು ಹಾಗೆ ದಾರಿ ಕಾಣದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ಅಪ್ಪ ಹೆಗಲ ಮೇಲಿದ್ದ ಟವೆಲ್ಲು ತೆಗೆದು ಕೊಡವಿದ. ಕೌಂಟರಿನ ಆಚೆಗೆ ಬಲಗೈ ಚಾಚಿ ಅದರ ಮೇಲೆ ಟವೆಲ್ಲು ಹೊದಿಸಿದ. ದನದ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಮಾಡುವುದು ಹಾಗೆ. ಬಟ್ಟೆಯ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಬೆಲೆ ಹೇಳುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಬೋಲ್ಟು ನಟ್ಟಿನ ಅಂಗಡಿಯಲ್ಲಿ ಅದನ್ನು ಯಾರೂ ಕಂಡಿರಲಿಕ್ಕಿಲ್ಲ. ಯಜಮಾನರು ಕನ್ನಡಕ ಹಣೆಗೇರಿಸಿ ಅಪ್ಪನನ್ನು ನೋಡಿದರು.

"ಏನ್ರೀ ಇದು?"

"ಮಾತಲ್ಲಿ ಬ್ಯಾಡ ಯಜಮಾನ್ರೆ, ಮಾತಾಡಿದ್ರೆ ಇಬ್ರಿಗೂ ಬೇಜಾರಾಯ್ತದೆ. ಪ್ಲೇಟಿಗೂ ಸೀಲಿಗೂ ನಾನೊಂದು ಬೆರಳು ಹಿಡಿತೀನಿ. ಆಗಲ್ಲ ಅಂದ್ರೆ ಕೈ ಕಿತ್ಕೊಳ್ಳಿ, ಹೊಂಟೋಯ್ತೀವಿ."

ಯಜಮಾನರು ಗಹಗಹಿಸಿ ನಕ್ಕರು. ತಮ್ಮ ತಂದೆ ಎತ್ತು ಹಿಡಿದು ವ್ಯಾಪಾರ ಮಾಡುತ್ತಿದ್ದವರು, ತಾವು ಈ ಬೆರಳು ಹಿಡಿದು ಎಷ್ಟು ವರ್ಷವಾಯಿತೋ ಅನ್ನುತ್ತಾ ಟವೆಲ್ಲಿನ ಕೆಳಗೆ ಕೈ ತೂರಿಸಿದರು. ಅಪ್ಪ ಕಣ್ಣು ಮಿಟುಕಿಸದೆ ಅವರ ಮುಖವನ್ನೇ ನೋಡುತ್ತಿದ್ದ. ಯಜಮಾನರು ತಲೆ ಅಡ್ಡ ಆಡಿಸಿದರು. ಅಪ್ಪ ಮತ್ತೆ ಹಿಡಿದ. ಅವರು ಹುಬ್ಬು ಗಂಟಿಕ್ಕಿ ಅಪ್ಪನ ಬೆರಳು ಹಿಡಿದರು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಸುತ್ತ ಬಂದು ನಿಂತರು. ಕೊನೆಗೆ ಅವರು ಅಮ್ಮನ ಕಡೆ ತಿರುಗಿ ಕೇಳಿದರು.

"ಗಾಡಿ ಓಡ್ಸೋರು ಇವರಲ್ವೇನಮ್ಮ?"

"ಅವ್ಳೇ ಓಡ್ಸೋದು," ಅಂದ ಅಪ್ಪ. "ನಂದೇನಿದ್ರೂ ಪಕ್ಕದ ಸೀಟು."

ಅದನ್ನು ಹೇಳುವಾಗ ಅಪ್ಪನ ಎದೆ ಉಬ್ಬಿತ್ತು. ಯಜಮಾನರು ಟವೆಲ್ಲಿನ ಕೆಳಗೆ ಅಪ್ಪನ ಕೈಯನ್ನು ಗಟ್ಟಿಯಾಗಿ ಅದುಮಿ ಬಿಟ್ಟರು. ವ್ಯಾಪಾರ ಮುಗಿಯಿತು ಅನ್ನುವುದಕ್ಕೆ ಅದು ಗುರುತು. ಎಷ್ಟಕ್ಕೆ ಮುಗಿಯಿತು ಅಂತ ನಾನು ಬಸ್ಸಿನಲ್ಲಿ ಎಷ್ಟು ಕೇಳಿದರೂ ಅಪ್ಪ ಹೇಳಲಿಲ್ಲ. ಟವೆಲ್ಲಿನ ಕೆಳಗಿನ ಮಾತನ್ನು ಮೇಲೆ ಹೇಳಬಾರದು ಅಂದ. ಅಮ್ಮ ಪ್ಲೇಟನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಗಾಳಿಗೆ ಮುಖವೊಡ್ಡಿ, ತುರುವೇಕೆರೆ ಬರುವವರೆಗೂ ಒಳಗೊಳಗೇ ನಗುತ್ತಿದ್ದಳು.

ಭಾನುವಾರ ಇಡೀ ದಿನ ಬಾಷಣ್ಣ ಕೆಲಸ ಮಾಡಿದ. ಸಂಜೆ ಕಾರು ಹಗ್ಗವಿಲ್ಲದೆ ತಾನೇ ಓಡಿಕೊಂಡು ಊರಿಗೆ ಬಂತು. ಸೋಮವಾರ ಬೆಳಿಗ್ಗೆ ಅಜ್ಜಿ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದಳು. ದೊಡ್ಡಪ್ಪ ಬೈಕಿಗೆ ಒರಗಿಕೊಂಡು ದೂರದಿಂದ ನೋಡುತ್ತಿದ್ದ. ಅಮ್ಮ ಕ್ಲಚ್ಚು ಒತ್ತಿ ಗೇರು ಹಾಕಿ ಕಾಲು ಬಿಟ್ಟಳು. ಕಾರು ಒಂದಿಷ್ಟೂ ಎಗರದೆ ನಿಂಬೆಹಣ್ಣುಗಳ ಮೇಲೆ ಹತ್ತಿಳಿಯಿತು. ಒಬ್ಬೊಬ್ಬರನ್ನಾಗಿ ಹತ್ತಿಸಿಕೊಂಡು ಹಟ್ಟಿಯ ಮುಂದೆ ಹೋದಾಗ ಜಯಮ್ಮ ಎಣ್ಣೆ ಹಚ್ಚಿ ತಲೆ ಬಾಚಿ, ಎರಡು ಜಡೆಗೂ ರಿಬ್ಬನ್ ಕಟ್ಟಿಕೊಂಡು ಅವಳಪ್ಪನ ಜೊತೆ ರಸ್ತೆಯಲ್ಲೇ ನಿಂತಿದ್ದಳು. ಅವನು ತಾನೇ ಬಾಗಿಲು ತೆಗೆದು ಮಗಳನ್ನು ಕೂರಿಸಿದ. ಕೆರೆ ಏರಿಗೆ ಹತ್ತುವ ದಿಬ್ಬ ಬಂದಾಗ ಕಾರಿನಲ್ಲಿ ಯಾರೂ ಉಸಿರಾಡಲಿಲ್ಲ. ಅಮ್ಮ ಎರಡನೆಯ ಗೇರಿಗೆ ಹಾಕಿದಳು, ಇಂಜಿನ್ನು ಎಷ್ಟು ಕೂಗಬೇಕೋ ಅಷ್ಟೇ ಕೂಗಿತು, ನಾವು ಏರಿಯ ಮೇಲಿದ್ದೆವು. ರತ್ನ ಜೋರಾಗಿ ಚಪ್ಪಾಳೆ ಹೊಡೆದಳು. ಅಮ್ಮ, "ಸುಮ್ನೆ ಓದ್ಕೊಳ್ರೇ" ಅಂತ ಗದರಿಸಿದಳು.

ಪರೀಕ್ಷೆಗಳು ಮುಗಿಯುವವರೆಗೂ ಕಾರು ಒಂದು ದಿನವೂ ತಪ್ಪಲಿಲ್ಲ. ಎಲ್ಲ ಹುಡುಗಿಯರೂ ಎಲ್ಲ ವಿಷಯ ಬರೆದರು. ಜೂನಿನಲ್ಲಿ ನಾವೆಲ್ಲ ಪಾಸಾದೆವು. ನನಗಿಂತ ಜಯಮ್ಮನಿಗೇ ಹೆಚ್ಚು ನಂಬರು ಬಂದಿತ್ತು. ಆದರೆ ಆ ಪರೀಕ್ಷೆಗಳಲ್ಲಿ ಏನು ಬರೆದೆ ಅನ್ನುವುದು ನನಗೀಗ ಮರೆತೇ ಹೋಗಿದೆ. ನೆನಪಿರುವುದು ಕೊನೆಯ ಪರೀಕ್ಷೆಯ ಮಧ್ಯಾಹ್ನ. ಅವತ್ತು ಅಪ್ಪನೂ ಜೊತೆಗೆ ಬಂದಿದ್ದ. ವಾಪಸ್ಸು ಬರುವಾಗ ಅಮ್ಮ ಏರಿಯಿಂದ ಕೆಳಗೆ, ಒಣಗಿ ನೆಲ ಗಟ್ಟಿಯಾಗಿದ್ದ ಕೆರೆಯಂಗಳಕ್ಕೆ ಕಾರು ಇಳಿಸಿ ನಿಲ್ಲಿಸಿದಳು. ಕೆಳಗಿಳಿದು ತನ್ನ ಕಡೆಯ ಬಾಗಿಲು ಹಿಡಿದುಕೊಂಡು ನನ್ನನ್ನು ಕರೆದಳು.

"ಬಾ ಮಗಾ. ಕೂತ್ಕೋ. ಎಡಗಾಲಲ್ಲಿ ಕ್ಲಚ್ಚು ಪೂರ್ತಿ ಒತ್ತು."

ಅಪ್ಪ ಪಕ್ಕದ ಸೀಟಿನಿಂದ ಗಾಬರಿಯಾಗಿ ಕತ್ತು ಚಾಚಿದ.

"ಏನೇ ಇದು? ಅಷ್ಟು ಕಷ್ಟಪಟ್ಟು ತಂದ ಹೊಸ ಪ್ಲೇಟು. ಕಲಿಯೋರ ಕೈಗೆ ಕೊಟ್ರೆ ಸವೆದೋಯ್ತದೆ ಕಣೇ."

"ಸವೀಲಿ ಬುಡಿ. ಸವೆಯೋಕೇ ಅದನ್ನ ತಂದಿರೋದು."

ನಾನು ಒತ್ತಿದೆ, ಬಿಟ್ಟೆ. ಕಾರು ಕಪ್ಪೆಯ ಹಾಗೆ ಹಾರಿ ಆಫಾಯಿತು. ಹಿಂದಿನ ಸೀಟಿನಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮತ್ತೆ ಒತ್ತಿದೆ, ಮತ್ತೆ ಹಾರಿತು. ಅಮ್ಮ ಕಿಟಕಿಯ ಪಕ್ಕ ನಿಂತು, ಬೈಯದೆ, ಬೇಸರಿಸದೆ, "ಕಾಲು ಕಿತ್ಕೋಬೇಡ, ಮೆಲ್ಲಗೆ ಬುಡು, ಅದು ಹಿಡಿಯೋದು ನಿಂಗೇ ಗೊತ್ತಾಯ್ತದೆ" ಅನ್ನುತ್ತಿದ್ದಳು. ಒಂದು ಸಲ ನನ್ನ ಅಂಗಾಲಿಗೆ ಅದು ಗೊತ್ತಾಯಿತು. ಪ್ಲೇಟು ಚಕ್ರವನ್ನು ಕಚ್ಚುವ ಆ ಗಳಿಗೆ, ಪಾದದ ಕೆಳಗೆ ಸಣ್ಣಗೆ ನಡುಗಿದ ಹಾಗೆ. ಕಾರು ನನ್ನ ಮಾತು ಕೇಳಿ ಹೊರಟಿತು. ಮುಂದೆ ನಾನು ಬದುಕಿನಲ್ಲಿ ಬೇಕಾದಷ್ಟು ಗಾಡಿಗಳನ್ನು ಓಡಿಸಿದ್ದೇನೆ, ಗಂಡಸರೇ ತುಂಬಿದ್ದ ಕಚೇರಿಗಳಲ್ಲಿ ಕೂತು ಕೆಲಸ ಮಾಡಿದ್ದೇನೆ. ಇದು ನಿನ್ನಿಂದ ಆಗುವುದಿಲ್ಲ ಅಂತ ಯಾರಾದರೂ ಹೇಳಿದಾಗೆಲ್ಲ ನನಗೆ ಸಿಟ್ಟು ಬರುವ ಮೊದಲು ಎಡಗಾಲಿನಲ್ಲಿ ಆ ನಡುಕ ಬರುತ್ತದೆ.

ನನ್ನ ನಂತರ ರತ್ನ ಕೂತಳು, ಉಳಿದವರೂ ಒಬ್ಬೊಬ್ಬರಾಗಿ ಕೂತರು. ಕೊನೆಯವಳು ಜಯಮ್ಮ. ಅವಳು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕ್ಲಚ್ಚು ಒತ್ತಿ, ಮೊದಲನೆಯ ಸಲವೇ ನೀರಿನ ಮೇಲೆ ತೇಲಿಸಿದ ಹಾಗೆ ಕಾರನ್ನು ಹೊರಡಿಸಿದಳು. ನಾವೆಲ್ಲ ಕಾರಿನ ಜೊತೆ ಓಡಿದೆವು. ಕೆರೆಯಂಗಳದ ಆ ತುದಿಯಲ್ಲಿ ಕುರಿಗಳು ಮೇಯುತ್ತಿದ್ದವು. ಅವುಗಳ ನಡುವೆ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಅವಳಪ್ಪ ನಿಂತಿದ್ದ. ತನ್ನ ಕಡೆಗೆ ಬರುತ್ತಿರುವ ಕಾರನ್ನೂ, ಅದರ ಸ್ಟೇರಿಂಗಿನ ಹಿಂದೆ ಇರುವವರನ್ನೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅಮ್ಮ ಸೆರಗು ಸಿಕ್ಕಿಸಿಕೊಂಡು, ಕೈ ಎರಡೂ ಬಾಯಿಗೆ ಅಡ್ಡ ಹಿಡಿದು, ಇಡೀ ಕೆರೆಯಂಗಳಕ್ಕೆ ಕೇಳುವ ಹಾಗೆ ಕೂಗಿದಳು.

"ದಾರಿ ಬುಡಪ್ಪೋ, ನಿನ್ ಮಗ್ಳು ಬತ್ತಾವ್ಳೆ!"

ಅವನು ಕೋಲು ಅಡ್ಡ ಹಿಡಿದು ಕುರಿಗಳನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ, ದಾರಿ ಬಿಟ್ಟು ನಿಂತ.